ಕುದುರೆಗೆ ಲಾಡಿಹುಳದ ಔಷಧಿ ಸರಿಯಾಗಿ ಕೊಡೋದು ಹೇಗೆ

ಜಂತುಹುಳಕ್ಕೆ ಪೇಸ್ಟ್ ಕೊಟ್ಟಾಯ್ತು ಅಂತ ನಿಶ್ಚಿಂತೆಯಿಂದ ಇರೋರು ಬಹಳ ಜನ, ಆದ್ರೆ ಆ ಪೇಸ್ಟಲ್ಲಿ ಐವರ್ಮೆಕ್ಟಿನ್ ಮಾತ್ರ ಇದ್ರೆ ಲಾಡಿಹುಳ ಸಾಯಲ್ಲ, ಫೆನ್‌ಬೆಂಡಜೋಲ್‌ಗೂ ಜಗ್ಗಲ್ಲ. ಪ್ರಾಜಿಕ್ವಾಂಟೆಲ್ ಇರಬೇಕು, ಇಲ್ಲಾಂದ್ರೆ ಪೈರಾಂಟೆಲ್ ಮಾಮೂಲಿಯ ಎರಡು ಪಟ್ಟು ಡೋಸ್. ಹಾಗಾಗಿ ಡಬ್ಬಿ ಮೇಲಿನ ಹೆಸರು ಬಿಡಿ, ಒಳಗೆ ಏನಿದೆ ಅಂತ ಓದಿ.

ಮೊದಲು ಟೆಸ್ಟ್. ಲದ್ದಿ ಪರೀಕ್ಷೇಲಿ ಮೊಟ್ಟೆ ಸಿಗಲಿಲ್ಲ ಅಂದ್ರೆ ಹುಳ ಇಲ್ಲ ಅಂತಲ್ಲ, ಹುಳದ ಮೈಯಿಂದ ಮೊಟ್ಟೆ ತುಂಬಿದ ತುಂಡುಗಳು ದಿನಾ ಉದುರಲ್ಲ. ಜೊಲ್ಲಿನ ಇಲ್ಲವೇ ರಕ್ತದ ಆ್ಯಂಟಿಬಾಡಿ (ಹುಳದ ವಿರುದ್ಧ ಮೈ ತಯಾರಿಸೋ ಅಂಶ) ಟೆಸ್ಟೇ ವಾಸಿ.

ಆಮೇಲೆ ತೂಕ, ಜನ ಎಡವೋದು ಇಲ್ಲೇ. ಕಣ್ಣಂದಾಜು ಬೇಡವೇ ಬೇಡ, ಕಡಿಮೆ ಡೋಸ್ ಬಿದ್ರೆ ಹುಳ ಉಳಿಯುತ್ತೆ, ಔಷಧಿಗೆ ಬಗ್ಗದ ಹುಳಾನೇ ಬೆಳೆಯುತ್ತೆ. ತೂಕದ ಯಂತ್ರ ಇಲ್ವಾ, ಕುದುರೆನ ಸಮತಟ್ಟು ಜಾಗದಲ್ಲಿ ನೇರ ನಿಲ್ಸಿ, ಮುಂಗಾಲ ಹಿಂದೆ ಎದೆ ಸುತ್ತಳತೆ ತಗೊಳ್ಳಿ, ಅದು ಉಸಿರು ಬಿಟ್ಟಾಗ ಅಳೀರಿ, ಆಮೇಲೆ ಭುಜದ ಮುಂದಿನ ಮೂಳೆ ತುದಿಯಿಂದ ಪೃಷ್ಠದ ಹಿಂದಿನ ತುದಿವರೆಗೆ ಉದ್ದ, ಎರಡೂ ಸೆಂಟಿಮೀಟರಲ್ಲಿ. ಸುತ್ತಳತೆನ ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. 180 ಸುತ್ತಳತೆ, 160 ಉದ್ದ ಇದ್ರೆ ಸುಮಾರು 436 ಕೆಜಿ. ಈ ಲೆಕ್ಕ ಪೂರ್ತಿ ಬೆಳೆದ ಕುದುರೆಗೆ ಮಾತ್ರ. ಮರಿಗೆ, ತುಂಬಾ ಬಡಕಲಾಗಿರೋದಕ್ಕೆ ಮಾಕ್ಸಿಡೆಕ್ಟಿನ್ (ಇನ್ನೊಂದು ಜಂತುಹುಳದ ಔಷಧಿ) ಬೆರೆಸಿದ ಪೇಸ್ಟ್ ಅಪಾಯ, ಡಾಕ್ಟರನ್ನ ಕೇಳ್ದೆ ಕೊಡ್ಲೇಬೇಡಿ.

ಕೊಡೋವಾಗ ಬಾಯಲ್ಲಿ ಹುಲ್ಲು ಒಂಚೂರೂ ಇರಬಾರದು, ಇದ್ರೆ ಪೇಸ್ಟು ಅದ್ಕೆ ಅಂಟ್ಕೊಂಡು ಉಂಡೆ ಸಮೇತ ಆಚೆ ಬೀಳುತ್ತೆ, ನೀವು ನುಂಗ್ತು ಅಂದ್ಕೊಂಡಿರ್ತೀರ. ಸಿರಿಂಜಿನ ಉಂಗುರನ ತೂಕದ ಗುರುತಿಗೆ ಲಾಕ್ ಮಾಡಿ, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಇರೋ ಖಾಲಿ ಜಾಗದಿಂದ ತೂರಿಸಿ ನಾಲಗೆ ಹಿಂಭಾಗಕ್ಕೆ ಒತ್ತಿ, ನುಂಗೋವರೆಗೂ ತಲೆ ಸ್ವಲ್ಪ ಮೇಲೆತ್ತಿ ಹಿಡೀರಿ. ದಾಣಿಲಿ ಕಲಸೋ ಶಾರ್ಟ್‌ಕಟ್ ನನಗೆ ಒಪ್ಪಿಗೆ ಇಲ್ಲ, ಅರ್ಧ ತಿಂದು ಬಿಟ್ರೆ ಎಷ್ಟು ಹೋಯ್ತು ಅಂತ ಯಾರು ಹೇಳ್ತಾರೆ?

ಹೊಟ್ಟೆನೋವಿಂದ ಹೊರಳಾಡಿದ್ರೆ, ಮೇವು ಬಿಟ್ರೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ, ಈ ಹುಳ ಕಚ್ಕೊಂಡಿರೋದು ಸಣ್ಣ ಕರುಳು ದೊಡ್ಡ ಕರುಳಿಗೆ ಸೇರೋ ಜಾಗದಲ್ಲಿ, ಅಲ್ಲಿ ಮೇವು ಕಟ್ಕೊಂಡ್ರೆ ಜೀವಕ್ಕೇ ಅಪಾಯ.

ಕೊನೇದಾಗಿ ಬಯಲು. ಲದ್ದಿಲಿರೋ ಮೊಟ್ಟೆ ತಿಂದ ಮೈಟ್‌ಗಳು (ಹುಲ್ಲು, ಮಣ್ಣಲ್ಲಿರೋ ಕಣ್ಣಿಗೆ ಕಾಣದಷ್ಟು ಪುಟ್ಟ ಜೀವಿಗಳು) ಹುಲ್ಲಿನ ಜೊತೆ ಮತ್ತೆ ಕುದುರೆ ಹೊಟ್ಟೆಗೆ ಹೋಗ್ತವೆ, ಅದಕ್ಕೆ ವಾರಕ್ಕೆ ಎರಡು ಸಲನಾದ್ರೂ ಲದ್ದಿ ಎತ್ತಿಸಿ, ಹೊಸ ಕುದುರೆ ಬಂದ್ರೆ ಔಷಧಿ ಆಗೋವರೆಗೂ ಮೇಯಕ್ಕೆ ಬಿಡಬೇಡಿ.