ಹಳೇ ಲ್ಯಾಪ್‌ಟಾಪಲ್ಲಿ ಯೂಟ್ಯೂಬ್ ತಡವರಿಸ್ತಿದ್ರೆ ಹೀಗೆ ಮಾಡಿ
ಬ್ರೌಸರ್‌ಗೆ ಎಚ್‌264ಇಫೈ (h264ify) ಅನ್ನೋ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸೋ ಪುಟ್ಟ ಪ್ರೋಗ್ರಾಂ) ಹಾಕಿ, ಪೇಜ್ ರಿಫ್ರೆಶ್ ಮಾಡಿ. ಅಷ್ಟೇ. ಯೂಟ್ಯೂಬ್ ಈಗ ಹೆಚ್ಚಾಗಿ ವಿಪಿ9 ಇಲ್ಲವೇ ಎವಿ1 ಕೋಡೆಕ್‌ನಲ್ಲಿ (ವಿಡಿಯೊವನ್ನು ಕುಗ್ಗಿಸಿಡೋ ವಿಧಾನ) ವಿಡಿಯೊ ಕಳಿಸುತ್ತದೆ, ಹಳೇ ಗ್ರಾಫಿಕ್ಸ್ ಚಿಪ್‌ಗೆ ಅದನ್ನು ಬಿಡಿಸೋಕೆ ಬರಲ್ಲ, ಹಾಗಾಗಿ ಇಡೀ ಕೆಲಸ ಪ್ರೊಸೆಸರ್ ತಲೆ ಮೇಲೆ ಬಿದ್ದು ಮೊದಲು ಚಿತ್ರ ಜಿಗಿಯುತ್ತದೆ, ಆಮೇಲೆ ಧ್ವನಿಯೂ ತುಂಡಾಗುತ್ತದೆ. ಹಳೇ ಕೋಡೆಕ್ ಎಚ್‌.264 ಆದರೆ ಚಿಪ್ಪೇ ನೋಡಿಕೊಳ್ಳುತ್ತದೆ, ಈ ಎಕ್ಸ್‌ಟೆನ್ಶನ್ ಯೂಟ್ಯೂಬ್‌ನಿಂದ ಅದನ್ನೇ ತರಿಸುತ್ತದೆ. ನಿಮ್ಮ ತೊಂದರೆ ಇದೇನಾ ಅಂತ ತಿಳಿಯೋಕೆ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. ಕೋಡೆಕ್ಸ್ ಸಾಲಿನಲ್ಲಿ ವಿಪಿ09 ಅಥವಾ ಎವಿ01 ಇದ್ದು, ಡ್ರಾಪ್ಡ್ ಫ್ರೇಮ್ಸ್ (ತೋರಿಸಲಾಗದೆ ಬಿಟ್ಟ ಚಿತ್ರಗಳು) ಲೆಕ್ಕ ಸುಮ್ನೆ ಏರುತ್ತಾ ಇದ್ರೆ ಇದೇ ಕಾರಣ. ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಅಲ್ಲಿ ಎವಿಸಿ1 (ಅಂದ್ರೆ ಎಚ್‌.264) ಅಂತ ಬರಬೇಕು. ಬ್ರೌಸರ್ ಸೆಟ್ಟಿಂಗ್ಸಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ (ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಒಪ್ಪಿಸೋ ಆಯ್ಕೆ) ಆನ್ ಇರಲೇಬೇಕು, ಇಲ್ಲದಿದ್ರೆ ಹೆಚ್ಚೇನೂ ಪ್ರಯೋಜನ ಇಲ್ಲ. ಆಗಲೂ ಸ್ವಲ್ಪ ಎಳೆದಾಡಿದ್ರೆ ಅದೇ ಎಕ್ಸ್‌ಟೆನ್ಶನ್‌ನಲ್ಲಿ 60 ಎಫ್‌ಪಿಎಸ್ (ಸೆಕೆಂಡಿಗೆ 60 ಚಿತ್ರ) ತಡೆಯೋ ಆಯ್ಕೆ ಇದೆ, ಟಿಕ್ ಮಾಡಿ. ಸ್ಟ್ಯಾಟ್ಸ್‌ನಲ್ಲಿ ಬಫರ್ ಹೆಲ್ತ್ (ಮುಂಚೆಯೇ ಇಳಿಸಿಟ್ಟ ವಿಡಿಯೊ ಎಷ್ಟು ಸೆಕೆಂಡ್ ಇದೆ ಅನ್ನೋ ಲೆಕ್ಕ) ಸೊನ್ನೆಗೆ ಇಳಿಯುತ್ತಿದ್ರೆ ಮಾತ್ರ ತಪ್ಪು ಲ್ಯಾಪ್‌ಟಾಪ್‌ದಲ್ಲ, ನೆಟ್‌ದು, ಈ ಉಪಾಯದಿಂದ ಏನೂ ಆಗಲ್ಲ, ಯಾಕಂದ್ರೆ ಎಚ್‌.264ಗೆ ಅದೇ ಗುಣಮಟ್ಟಕ್ಕೆ ಡೇಟಾ ಇನ್ನೂ ಜಾಸ್ತಿ ಬೇಕು. 1080ಪಿಗಿಂತ ಮೇಲಿನ ಗುಣಮಟ್ಟವೂ ಸಿಗಲ್ಲ, ಆದ್ರೆ ಹಳೇ ಲ್ಯಾಪ್‌ಟಾಪ್ ಪರದೆಗೆ ಅದು ಯಾಕೆ ಬೇಕು, ಅಲ್ವಾ? ಡೌನ್‌ಲೋಡ್ ಮಾಡಿಟ್ಟ ಫೈಲ್‌ಗಳಿಗೆ ಇದು ಅನ್ವಯಿಸಲ್ಲ.