ಚಿತ್ರ ಗೋಡೆಗೇರುವ ಮುನ್ನ: ಮೈಸೂರಿನಲ್ಲಿ ಆಧುನಿಕ ಕಲಾ ಪ್ರದರ್ಶನ ಕಟ್ಟುವ ಕೆಲಸ

ಮೈಸೂರಿನವರಿಗೆ ಚಿತ್ರ ನೋಡುವುದು ಹೊಸದೇನಲ್ಲ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆ 1915ರಲ್ಲೇ ಚಿತ್ರಶಾಲೆಯಾಯಿತು. ರವಿವರ್ಮನ ತೈಲಚಿತ್ರಗಳನ್ನೂ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣವನ್ನೂ ನೋಡಲು ಇವತ್ತಿಗೂ ಊರೂರಿಂದ ಜನ ಬರುತ್ತಾರೆ. ಅದೇ ಜನ ಆಧುನಿಕ ಚಿತ್ರಗಳ ಕೋಣೆಯ ಬಾಗಿಲಿಂದಲೇ ಹಿಂದಿರುಗಿದರೆ ತಪ್ಪು ಅವರದಲ್ಲ. ಎತ್ತರ ತಪ್ಪಿ ತೂಗಿದ, ಗಾಜಿನೊಳಗೆ ಟ್ಯೂಬ್‌ಲೈಟ್ ಕಾಣುವ, ಪಕ್ಕದಲ್ಲಿ ‘ಶೀರ್ಷಿಕೆರಹಿತ, ಮಿಶ್ರ ಮಾಧ್ಯಮ’ ಎಂದಷ್ಟೇ ಬರೆದ ಚಿತ್ರದ ಮುಂದೆ ಯಾರು ತಾನೇ ನಿಲ್ಲುತ್ತಾರೆ? ಪ್ರದರ್ಶನ ಕಟ್ಟುವವನಾಗಿ ನನ್ನ ಕೆಲಸ ಆ ಅಡ್ಡಿಗಳನ್ನು ತೆಗೆಯುವುದು.

ಕೆಲಸ ಗೋಡೆಯಿಂದ ಶುರು. ಡಿಸ್ಟೆಂಪರ್ ಬಳಿದ ಗೋಡೆಯನ್ನು ಒಪ್ಪಿಕೊಳ್ಳುವುದಿಲ್ಲ. ಮುಟ್ಟಿದರೆ ಪುಡಿ ಬರುತ್ತದೆ, ಆ ಪುಡಿ ಫ್ರೇಮಿನ ಹಿಂದೆ ಕೂರುತ್ತದೆ. ಹೊಳಪಿಲ್ಲದ ಅಕ್ರಿಲಿಕ್ ಎಮಲ್ಷನ್ ಬಳಿಸಿ, ಒಂದು ವಾರವಾದರೂ ಕಿಟಕಿ ತೆಗೆದಿಟ್ಟು ವಾಸನೆ ಪೂರ್ತಿ ಹೋದ ಮೇಲೆಯೇ ಕೃತಿಗಳನ್ನು ಒಳಗೆ ತರುತ್ತೇನೆ. ಹಳೆಯ ಕಟ್ಟಡವಾದರೆ ಗೋಡೆ ಸುಣ್ಣದ ಗಾರೆಯದು. ಅದಕ್ಕೆ ಡ್ರಿಲ್ಲಿಂಗ್ ಮಷೀನಿನ ಹ್ಯಾಮರ್, ಅಂದರೆ ಬಡಿಯುತ್ತಾ ಕೊರೆಯುವ ಸೆಟ್ಟಿಂಗ್, ಹಾಕಿದರೆ ಗಾರೆ ಉದುರಿ ತೂತು ಅಗಲವಾಗುತ್ತದೆ, ತಿರುಪು ಕೂರಿಸುವ ಪ್ಲಗ್ ಹಿಡಿಯುವುದಿಲ್ಲ. ಹ್ಯಾಮರ್ ಆಫ್ ಮಾಡಿ, 6 ಮಿ.ಮೀ. ಬಿಟ್‌ನಲ್ಲಿ ನಿಧಾನವಾಗಿ 40 ಮಿ.ಮೀ. ಆಳ ಕೊರೆದು, ಒಳಗಿನ ಪುಡಿ ಊದಿ ತೆಗೆದು ಪ್ಲಗ್ ಕೂರಿಸಬೇಕು. ಪಾರಂಪರಿಕ ಕಟ್ಟಡದಲ್ಲಿ ಕೊರೆಯಲು ಅನುಮತಿ ಇಲ್ಲದಿದ್ದರೆ 12 ಮಿ.ಮೀ. ಪ್ಲೈವುಡ್‌ನ ಒಳಗೋಡೆ ನಿಲ್ಲಿಸುವುದೇ ಸರಿ. ಅದಕ್ಕೂ ಹಳೆಯ ಗೋಡೆಗೂ ನಡುವೆ ಅಂಗೈ ಅಗಲದ ಗಾಳಿಯ ಜಾಗ ಬಿಡುವುದು ಮುಖ್ಯ, ಇಲ್ಲದಿದ್ದರೆ ಗೋಡೆಯ ತೇವ ಪ್ಲೈವುಡ್‌ಗೆ ಇಳಿದು ಗೆದ್ದಲನ್ನು ಕರೆಯುತ್ತದೆ.

ಮೈಸೂರಿನ ಹವೆ ಹಿತ ಎಂದು ನಾವೆಲ್ಲ ಹೇಳುತ್ತೇವೆ. ಕಾಗದಕ್ಕೆ ಅದು ಅಷ್ಟು ಹಿತವಲ್ಲ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಗಾಳಿ ಒಣಗಿರುತ್ತದೆ, ಮಳೆಗಾಲದಲ್ಲಿ ತೇವ ದಿನಗಟ್ಟಲೆ ಇಳಿಯುವುದಿಲ್ಲ. ಸಾಪೇಕ್ಷ ಆರ್ದ್ರತೆ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುವ ಅಪಾಯ ಶುರುವಾಗುತ್ತದೆ. ಶೇ. 45ರಿಂದ 60ರ ನಡುವೆ ಇಟ್ಟುಕೊಂಡರೆ ಸಾಕು. ಅಂಕಿಗಿಂತ ಮುಖ್ಯವಾದದ್ದು ಅದು ಥಟ್ಟನೆ ಏರಿಳಿಯದಿರುವುದು. ಹಗಲಿಡೀ ಏಸಿ ಹಾಕಿ ಸಂಜೆ ಬೀಗ ಹಾಕುವಾಗ ಆರಿಸುವ ಪದ್ಧತಿ ಕೃತಿಗಳಿಗೆ ತುಂಬ ಕೆಟ್ಟದ್ದು. ಕ್ಯಾನ್ವಾಸ್ ದಿನಕ್ಕೊಮ್ಮೆ ಬಿಗಿದು ಸಡಿಲಾಗುತ್ತದೆ, ಬಣ್ಣದ ಪದರ ಅದರ ಜೊತೆ ಹಿಗ್ಗಲಾರದೆ ಬಿರುಕು ಬಿಡುತ್ತದೆ. ರಾತ್ರಿ ಏಸಿ ನಡೆಸಲು ಆಗದಿದ್ದರೆ ಹಗಲೂ ಬೇಡ. ಫ್ಯಾನು, ಗಾಳಿಯಾಡುವ ಕಿಟಕಿ ಸಾಕು. ನೈಋತ್ಯದ ಮಳೆ ಬಡಿಯುವ ಹೊರಗೋಡೆಗೆ ಜಲವರ್ಣ, ಮುದ್ರಣಚಿತ್ರ ಇವನ್ನು ಹಾಕುವುದೇ ಇಲ್ಲ. ಪ್ರತಿ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ 8ರಿಂದ 10 ಮಿ.ಮೀ. ದಪ್ಪದ ಕಾರ್ಕ್ ಚೂರು ಅಂಟಿಸುತ್ತೇನೆ. ಗಾಳಿ ಹೋಗಲು ಅಷ್ಟು ಸಂದು ಬೇಕು. ತೇವ ಅಳೆಯುವ ಮೀಟರನ್ನು ಮೇಜಿನ ಮೇಲಿಟ್ಟರೆ ಪ್ರಯೋಜನವಿಲ್ಲ, ಫ್ರೇಮಿನ ಹಿಂದೆ ಇಡಬೇಕು. ಗೋಡೆಯ ತೇವ ತಿಳಿಯುವುದು ಅಲ್ಲಿ.

ಇನ್ನು ಎತ್ತರ. ಚಿತ್ರದ ನಡುಮಧ್ಯ ನೆಲದಿಂದ 145ರಿಂದ 152 ಸೆಂ.ಮೀ. ಇರಬೇಕೆಂಬುದು ಗ್ಯಾಲರಿಗಳ ರೂಢಿ. ನಾನು ಹಿಡಿಯುವುದು 145. ನಮ್ಮಲ್ಲಿ ಹೆಂಗಸರೂ ಶಾಲಾ ಮಕ್ಕಳೂ ಬಹಳ ಬರುತ್ತಾರೆ, ಅವರ ಕತ್ತು ನೋಯಬಾರದು. ಲೆಕ್ಕ ಸುಲಭ: ನಡುಮಧ್ಯದ ಎತ್ತರಕ್ಕೆ ಚಿತ್ರದ ಅರ್ಧ ಎತ್ತರ ಕೂಡಿಸಿ, ಹಿಂದಿನ ತಂತಿಯನ್ನು ಬಿಗಿಯಾಗಿ ಮೇಲಕ್ಕೆ ಎಳೆದಾಗ ಅದು ಮೇಲಂಚಿನಿಂದ ಎಷ್ಟು ಕೆಳಗೆ ನಿಲ್ಲುತ್ತದೋ ಅಷ್ಟನ್ನು ಕಳೆಯಬೇಕು. 90 ಸೆಂ.ಮೀ. ಎತ್ತರದ ಚಿತ್ರ, ತಂತಿ 8 ಸೆಂ.ಮೀ. ಕೆಳಗೆ ಎಂದಾದರೆ 145 + 45 − 8 = 182. ಕೊಕ್ಕೆ ಬರುವುದು ಅಲ್ಲಿ. ತಂತಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಅಳೆದರೆ ಲೆಕ್ಕ ತಪ್ಪುತ್ತದೆ, ಚಿತ್ರದ ಭಾರ ಎಳೆಯುವಷ್ಟೇ ಬಿಗಿಯಾಗಿ ಎಳೆದು ಅಳೆಯಬೇಕು. ಎಲ್ಲ ಚಿತ್ರಗಳ ಅಂಕಿಯನ್ನೂ ಮೊದಲು ಕಾಗದದ ಮೇಲೆ ಬರೆದುಕೊಂಡು, ಗೋಡೆಗೆ 145ರಲ್ಲಿ ದಾರ ಕಟ್ಟಿ, ರಸಮಟ್ಟದಲ್ಲಿ ನೋಡಿ, ಆಮೇಲೆ ಡ್ರಿಲ್ ಮುಟ್ಟುವುದು. ಹಳೆಯ ಕಟ್ಟಡಗಳ ನೆಲ ಸಮವಿರುವುದಿಲ್ಲ. ಹಾಗಾಗಿ ಪ್ರತಿ ಚಿತ್ರಕ್ಕೂ ನೆಲದಿಂದ ಬೇರೆಬೇರೆಯಾಗಿ ಅಳೆಯದೆ ದಾರದಿಂದಲೇ ಅಳೆಯುತ್ತೇನೆ.

ತಂತಿಯ ವಿಷಯದಲ್ಲಿ ಬಹಳ ಮಂದಿ ಎಚ್ಚರ ತಪ್ಪುತ್ತಾರೆ. ಚೆನ್ನಾಗಿ ಬಿಗಿದ ತಂತಿ ಭದ್ರ ಎಂಬ ನಂಬಿಕೆ ತಿರುವುಮುರುವು. ತೂಗಿದಾಗ ತಂತಿಯ ಎರಡೂ ಎಳೆಗಳು ಅಡ್ಡಗೆರೆಗೆ 30 ಡಿಗ್ರಿ ಓರೆಯಾಗಿದ್ದರೆ 10 ಕೆ.ಜಿ. ಚಿತ್ರದಿಂದ ಒಂದೊಂದು ಎಳೆಗೂ 10 ಕೆ.ಜಿ. ಎಳೆತ ಬೀಳುತ್ತದೆ. ಓರೆ 15 ಡಿಗ್ರಿಗೆ ಇಳಿದರೆ ಅದು 19 ಕೆ.ಜಿ. ದಾಟುತ್ತದೆ, 10 ಡಿಗ್ರಿಗೆ ಇಳಿದರೆ 29ರ ಹತ್ತಿರ. ಫ್ರೇಮಿನ ಪಕ್ಕದ ಪಟ್ಟಿ ಒಳಕ್ಕೆ ಬಾಗಿ ಮೂಲೆಯ ಜೋಡಣೆ ಬಿಡುವುದು ಹೀಗೆ. ಆದ್ದರಿಂದ 75 ಸೆಂ.ಮೀ.ಗಿಂತ ಅಗಲದ ಯಾವ ಕೃತಿಗೂ ನಾನು ತಂತಿ ಬಳಸುವುದಿಲ್ಲ. ಮೇಲಂಚಿನಿಂದ ಕಾಲುಭಾಗ ಕೆಳಗೆ, ಎರಡು ಬದಿಗೂ ಡಿ-ರಿಂಗ್ (ಇಂಗ್ಲಿಷಿನ D ಆಕಾರದ ಲೋಹದ ಬಳೆ) ತಿರುಪಿನಿಂದ ಕೂರಿಸಿ, ಎರಡು ಕೊಕ್ಕೆಗೆ ನೇರವಾಗಿ ಸಿಕ್ಕಿಸುತ್ತೇನೆ. ಭಾರ ಅರ್ಧರ್ಧ ಹಂಚಿಕೊಳ್ಳುತ್ತದೆ. ದಸರೆಯ ನೂಕುನುಗ್ಗಲಿನಲ್ಲಿ ಯಾರದೋ ಭುಜ ತಾಗಿದರೂ ಚಿತ್ರ ಓರೆಯಾಗುವುದಿಲ್ಲ.

ಬೆಳಕಿಗೆ ಅಳತೆಯೇ ಗುರು. ಜಲವರ್ಣ, ಕಾಗದ, ಬಟ್ಟೆ ಇವಕ್ಕೆ 50 ಲಕ್ಸ್ (ಚಿತ್ರದ ಮೇಲೆ ಬೀಳುವ ಬೆಳಕಿನ ಅಳತೆ), ತೈಲ ಮತ್ತು ಅಕ್ರಿಲಿಕ್‌ಗೆ 150ರಿಂದ 200. ಬೆಳಕಿನ ಹಾನಿ ಕೂಡಿಕೊಳ್ಳುತ್ತಾ ಹೋಗುತ್ತದೆ. ದಿನಕ್ಕೆ 8 ಗಂಟೆಯಂತೆ 50 ಲಕ್ಸ್‌ನಲ್ಲಿ 90 ದಿನ ತೂಗಿದ ಜಲವರ್ಣ ತಿನ್ನುವ ಬೆಳಕು 36,000 ಲಕ್ಸ್-ಗಂಟೆ. 200 ಲಕ್ಸ್‌ನಲ್ಲಿ ಅಷ್ಟೇ ಬೆಳಕು ಇಪ್ಪತ್ತಮೂರು ದಿನದೊಳಗೆ ಮುಗಿಯುತ್ತದೆ. ಮಸುಕಾದ ಬಣ್ಣವನ್ನು ಮತ್ತೆ ಯಾರೂ ತರಲಾರರು. ದೀಪ ಗೋಡೆಯಿಂದ ಎಷ್ಟು ದೂರ ಇರಬೇಕೆಂಬುದಕ್ಕೂ ಲೆಕ್ಕವಿದೆ: ದೀಪದ ಎತ್ತರದಿಂದ 145 ಕಳೆದು, ಬಂದದ್ದನ್ನು 0.58ರಿಂದ ಗುಣಿಸಬೇಕು. ದೀಪ 330 ಸೆಂ.ಮೀ. ಎತ್ತರದಲ್ಲಿದ್ದರೆ ಗೋಡೆಯಿಂದ ಸುಮಾರು 107 ಸೆಂ.ಮೀ. ಇದಕ್ಕಿಂತ ಹತ್ತಿರ ತಂದರೆ ಫ್ರೇಮಿನ ನೆರಳು ಚಿತ್ರದ ಮೇಲೆ ಬೀಳುತ್ತದೆ, ದೂರ ಒಯ್ದರೆ ಗಾಜು ಮಿಂಚುತ್ತದೆ, ನೋಡುವವರ ತಲೆಯ ನೆರಳೂ ಬೀಳುತ್ತದೆ. ಎಲ್‌ಇಡಿ ಕೊಳ್ಳುವಾಗ ವ್ಯಾಟ್ ಕೇಳಿದರೆ ಸಾಲದು, ಬಣ್ಣ ತೋರುವ ಸೂಚ್ಯಂಕ (CRI) 90ಕ್ಕಿಂತ ಮೇಲಿದೆಯೇ ಎಂದು ಡಬ್ಬಿಯ ಮೇಲೆ ನೋಡಬೇಕು. ಅದು ಕಡಿಮೆಯಿದ್ದರೆ ಕೆಂಪು ಮಂಕಾಗಿ ಕಾಣುತ್ತದೆ.

ಅಕ್ರಿಲಿಕ್ ಚಿತ್ರ ಒಣಗಿದ ಮೇಲೂ ಬೇಸಗೆಯಲ್ಲಿ ಮೆತ್ತಗಾಗುತ್ತದೆ. ಬಬಲ್ ರ‍್ಯಾಪನ್ನು ನೇರವಾಗಿ ಸುತ್ತಿದರೆ ಗುಳ್ಳೆಗಳ ಗುರುತು ಬಣ್ಣದ ಮೇಲೆ ಅಚ್ಚಾಗುತ್ತದೆ. ಮೊದಲು ಸಿಲಿಕೋನ್ ಲೇಪದ ಕಾಗದ, ಆಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ರ‍್ಯಾಪ್. ಇದ್ದಿಲು, ಪ್ಯಾಸ್ಟೆಲ್ ಚಿತ್ರಗಳ ಫ್ರೇಮಿಗೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಕೂಡದು, ಅದರ ಸ್ಥಿರವಿದ್ಯುತ್ ಪುಡಿಯನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಗಾಜೇ ಬೇಕು.

ವಸ್ತುಗಳನ್ನು ಜಾಗದಲ್ಲೇ ಜೋಡಿಸಿ ಕಟ್ಟುವ ಸಮಕಾಲೀನ ಪ್ರತಿಷ್ಠಾಪನಾ ಕೃತಿಗಳದು ಬೇರೆಯೇ ಪಾಡು. ಮಂಡ್ಯ ಕಡೆಯ ಕಲಾವಿದರು ಬೆಲ್ಲ, ಭತ್ತ, ಕಬ್ಬಿನ ಸಿಪ್ಪೆ ಬಳಸಿದರೆ ಅದು ಅವರ ನೆಲದ ಮಾತು, ಬೇಡವೆನ್ನಲು ನಾನು ಯಾರು? ಆದರೆ ಬೆಲ್ಲ ಮಳೆಗಾಲದಲ್ಲಿ ನೀರು ಹೀರಿ ಜಿನುಗುತ್ತದೆ, ಇರುವೆ ಬರುತ್ತದೆ. ಪೀಠದ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟು ಕೆಳಗೆ ಅಂಚಿರುವ ತಟ್ಟೆ ಇಡಬೇಕು. ಭತ್ತ, ಹುಲ್ಲು, ಸಿಪ್ಪೆ ಇವನ್ನು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಹುಳು, ಮೊಟ್ಟೆ ಸಾಯುತ್ತವೆ. ಹೊರತೆಗೆದು ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ವಸ್ತುವಿನ ಮೇಲೆ ನೀರಹನಿ ಕೂರುತ್ತದೆ. ಕೆಟ್ಟ ಭಾಗವನ್ನು ಬದಲಿಸಬಹುದೇ, ಯಾವುದರಿಂದ, ಯಾರು ಎಂಬುದನ್ನು ಕಲಾವಿದರಿಂದ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ವಿಡಿಯೊ ಕೃತಿಗೆ ಒಂದೇ ಮಾತು: ಕರೆಂಟು ಹೋಗಿ ಬಂದಾಗ ಪ್ರೊಜೆಕ್ಟರೂ ಪ್ಲೇಯರೂ ತಾವಾಗಿಯೇ ಶುರುವಾಗುವಂತೆ ಸೆಟ್ ಮಾಡಿ, ಒಮ್ಮೆ ಮೇನ್ ಸ್ವಿಚ್ ಆರಿಸಿ ನೋಡಿ.

ಫಲಕದ ಬರಹಕ್ಕೆ ಕೊನೆಗೆ ಉಳಿದ ಅರ್ಧಗಂಟೆ ಕೊಡುವುದು ನನಗೆ ಸಹಿಸದು. ಕನ್ನಡ ಮೊದಲು, ಅಕ್ಷರ 20 ಪಾಯಿಂಟ್, ಸಾಲಿನ ಅಂತರ ಒಂದೂವರೆಪಟ್ಟು. ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಅಳತೆ ಬರೆಯುವಾಗ ಎತ್ತರ ಮೊದಲು, ಅಗಲ ಆಮೇಲೆ. ಫಲಕ ಚಿತ್ರದ ಬಲಕ್ಕೆ, ನೆಲದಿಂದ 125 ಸೆಂ.ಮೀ. ಎತ್ತರದಲ್ಲಿ. ವಿವರಣೆ ಅರುವತ್ತು ಪದ ದಾಟದಿರಲಿ, ಅದರಲ್ಲಿ ಬರೆದದ್ದು ಕಣ್ಣಿಗೆ ಕಾಣುವಂಥದ್ದಾಗಿರಲಿ. ‘ಅಸ್ತಿತ್ವದ ತಲ್ಲಣ’ ಎಂದು ಬರೆದರೆ ನೋಡುವವರು ಚಿತ್ರ ಬಿಟ್ಟು ತಮ್ಮ ಬುದ್ಧಿಯನ್ನೇ ಅನುಮಾನಿಸುತ್ತಾರೆ. ‘ಕೆಂಪಿನ ಮೇಲೆ ಬೂದು ಬಳಿದು, ಒಣಗುವ ಮೊದಲು ಚಾಕುವಿನಿಂದ ಕೆರೆದಿದೆ, ಎಡಮೂಲೆಯಲ್ಲಿ ಕೆಳಗಿನ ಕೆಂಪು ಇಣುಕುತ್ತದೆ’ ಎಂದು ಬರೆದರೆ ಅವರು ಎಡಮೂಲೆಗೆ ಹೋಗಿ ನೋಡುತ್ತಾರೆ. ಅಲ್ಲಿಂದ ಮುಂದಿನದು ಅವರಿಗೂ ಚಿತ್ರಕ್ಕೂ ಬಿಟ್ಟದ್ದು.

ದಸರೆಯ ಹತ್ತು ದಿನ ನಡೆದಾಡುವ ದಾರಿ 180 ಸೆಂ.ಮೀ.ಗಿಂತ ಕಿರಿದಾಗದಂತೆ, ಒಳಬಂದವರು ಬೇರೆ ಬಾಗಿಲಿಂದ ಹೊರಹೋಗುವಂತೆ ವ್ಯವಸ್ಥೆ ಬೇಕು. ಚಿತ್ರದಿಂದ 60 ಸೆಂ.ಮೀ. ದೂರಕ್ಕೆ ನೆಲದ ಮೇಲೆ ಪಟ್ಟಿ ಎಳೆದರೆ ಹಗ್ಗಕ್ಕಿಂತ ಚೆನ್ನ, ಹಗ್ಗಕ್ಕೆ ಮಕ್ಕಳು ಜೋತುಬೀಳುತ್ತಾರೆ.

ಇಳಿಸುವಾಗ, ಬಂದ ದಿನ ತೆಗೆದ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಕೃತಿಯ ಮೂಲೆ, ಅಂಚು, ಮೇಲ್ಮೈಯನ್ನು ಪಕ್ಕದಿಂದ ಟಾರ್ಚ್ ಬಿಟ್ಟು ಪರೀಕ್ಷಿಸಿ, ಕೊಟ್ಟವರ ಸಹಿ ಪಡೆಯಬೇಕು. ಕೈಗೆ ನೈಟ್ರೈಲ್ (ಕೃತಕ ರಬ್ಬರ್) ಗವಸು; ಹತ್ತಿ ಗವಸು ಜಾರುತ್ತದೆ, ಅದರ ನೂಲು ಒರಟು ಬಣ್ಣಕ್ಕೆ ಸಿಕ್ಕಿಕೊಳ್ಳುತ್ತದೆ. ಗಾಡಿಯಲ್ಲಿ ಚಿತ್ರಗಳನ್ನು ಮಲಗಿಸಬಾರದು. ನಿಲ್ಲಿಸಿ, ಮುಖಕ್ಕೆ ಮುಖ, ನಡುವೆ ರಟ್ಟು, ಗಾಡಿ ಓಡುವ ದಿಕ್ಕಿಗೆ ಸಮಾನಾಂತರವಾಗಿ ಕಟ್ಟಬೇಕು. ಆಗ ಬ್ರೇಕ್ ಹಾಕಿದಾಗ ಒಂದರ ಭಾರ ಇನ್ನೊಂದರ ಕ್ಯಾನ್ವಾಸಿನ ಮೇಲೆ ಬೀಳುವುದಿಲ್ಲ.