ವೀಗನ್ ಆಗುವ ಮುನ್ನ: ಘಟ್ಟದ ಮೇಲೆ ಹಾಲು, ಕೆಳಗೆ ಮೀನು

ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪ, ಜೇನುತುಪ್ಪವನ್ನೂ ಬಿಟ್ಟ ಊಟವೇ ವೀಗನ್ ಊಟ. ಕೊಲೆಸ್ಟ್ರಾಲ್ ರಿಪೋರ್ಟ್ ಕೈಗೆ ಬಂದ ಮೇಲೆ ‘ಇದನ್ನೊಮ್ಮೆ ಮಾಡಿ ನೋಡಿದರೆ ಹೇಗೆ’ ಎಂದು ಕೇಳುವವರು ಶಿರಸಿ, ಕಾರವಾರದಲ್ಲೂ ಇದ್ದಾರೆ. ಮಾಡಿ ನೋಡಬಹುದು. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲರಿಗೂ ಒಂದೇ ದಾರಿ ಹೇಳಿದರೆ ನಡೆಯುವುದಿಲ್ಲ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಹವ್ಯಕರ ಮನೆಗಳಲ್ಲಿ ಮೀನಿನ ಮಾತೇ ಇಲ್ಲ, ಅಲ್ಲಿ ಬಿಡಬೇಕಾದ್ದು ಮಜ್ಜಿಗೆ. ಕೆಳಗೆ ಕರಾವಳಿಯ ಕಾರವಾರ, ಅಂಕೋಲೆಯ ಬಹಳ ಮನೆಗಳಲ್ಲಿ ಹಾಲು ಚಹಾಕ್ಕೆ ಮಾತ್ರ, ಅಲ್ಲಿ ಬಿಡಬೇಕಾದ್ದು ಬಂಗಡೆ. ಹಾಗಾಗಿ ತಟ್ಟೆಯಲ್ಲಿ ಖಾಲಿ ಬೀಳುವ ಜಾಗವೂ ಬೇರೆ ಬೇರೆ. ಆ ಜಾಗಕ್ಕೆ ಏನು ಬಡಿಸುತ್ತೀರಿ ಅನ್ನುವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಶುರುವಿಗೆ ರಕ್ತ ಪರೀಕ್ಷೆ

ಹಿಮೋಗ್ಲೋಬಿನ್, ವಿಟಮಿನ್ ಬಿ-12, ವಿಟಮಿನ್ ಡಿ, ಸಕ್ಕರೆ, ಕೊಲೆಸ್ಟ್ರಾಲ್. ಇಷ್ಟನ್ನು ಪರೀಕ್ಷೆ ಮಾಡಿಸಿ, ರಿಪೋರ್ಟ್ ಜೋಪಾನವಾಗಿ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ವೈದ್ಯರಿಗೆ ಹೇಳದೆ ಊಟ ಬದಲಿಸಬಾರದು. ಊಟ ಬದಲಾದರೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಕೂಡ ಕೇಳಿಯೇ ಮುಂದುವರಿಯಬೇಕು. ಮಕ್ಕಳ ಮೇಲಂತೂ ಸುಮ್ನೆ ಪ್ರಯೋಗ ಬೇಡ.

ಬೆಳಗಿನ ತಿಂಡಿ ಸುಲಭ

ತೆಳ್ಳೇವು (ತೆಳು ದೋಸೆ), ದೋಸೆ, ಅವಲಕ್ಕಿ, ಕಡುಬು, ಗಂಜಿ. ನಮ್ಮ ತಿಂಡಿಗಳಲ್ಲಿ ಮುಕ್ಕಾಲು ಪಾಲಿಗೆ ಹಾಲಿನ ಹಂಗೇ ಇಲ್ಲ. ತೆಳ್ಳೇವು, ಜೋನಿಬೆಲ್ಲದ (ನೀರು ಬೆಲ್ಲದ) ಮೇಲೆ ಬೀಳುವ ಒಂದು ಚಮಚ ತುಪ್ಪ ಬಿಟ್ಟರೆ ಮುಗಿಯಿತು. ಆದರೆ ಅಕ್ಕಿ, ಬೆಲ್ಲ ಇವೆರಡೇ ತಿಂದರೆ ಆರೋಗ್ಯಕ್ಕೆ ಏನೂ ಸಿಕ್ಕಂತಾಗುವುದಿಲ್ಲ. ಜೊತೆಗೆ ಮೊಳಕೆ ಬಂದ ಹೆಸರಿನ ಉಸಳಿ ಇರಲಿ. ಮೊದಲ ಎರಡು ವಾರ ತಿಂಡಿ ಮಾತ್ರ ಬದಲಾಗಲಿ. ಕಾಳು ಒಮ್ಮೆಗೇ ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸುತ್ತದೆ. ನೆನೆಸಿದ ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದರೆ ಗ್ಯಾಸ್ ಕಾಟ ಕಡಿಮೆ.

ಆಮೇಲೆ ಚಹಾ, ಮಜ್ಜಿಗೆ

ನಿಜವಾದ ಪರೀಕ್ಷೆ ಸಂಜೆ ನಾಲ್ಕರ ಚಹಾದ್ದು! ಸೋಯಾ ಹಾಲನ್ನು ತಣ್ಣಗಿರುವಾಗಲೇ ಕುದಿವ ಚಹಾಕ್ಕೆ, ಕಾಫಿಗೆ ಸುರಿದರೆ ಒಡೆಯುವುದುಂಟು. ಬೇರೆಯಾಗಿ ಬಿಸಿ ಮಾಡಿ ಸೇರಿಸಿ. ನನ್ನ ಕೇಳಿದರೆ ಜೀರಿಗೆ, ಕೊತ್ತಂಬರಿಯ ಕಷಾಯಕ್ಕೆ ಬೆಲ್ಲ ಹಾಕಿ ಹಾಲಿಲ್ಲದೆ ಕುಡಿಯುವುದೇ ಒಳ್ಳೆಯದು. ಚಹಾ ಬಿಡಲಾಗದಿದ್ದರೆ ಊಟದ ಬೆನ್ನಿಗೇ ಕುಡಿಯಬೇಡಿ. ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಚಹಾ ತಡೆಯುತ್ತದೆ. ಊಟಕ್ಕೆ ಲಿಂಬೆರಸ ಹಿಂಡಿಕೊಂಡರೆ ಅದೇ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಮೊಸರನ್ನು ಶೇಂಗಾದಿಂದ ಮನೆಯಲ್ಲೇ ಮಾಡಬಹುದು. ಒಂದು ಲೋಟ ಶೇಂಗಾ ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ, ಮೂರು ಲೋಟ ನೀರು ಸೇರಿಸಿ ಬಟ್ಟೆಯಲ್ಲಿ ಸೋಸಿ. ತಳ ಹಿಡಿಯದಂತೆ ಕೈಯಾಡಿಸುತ್ತ ಕುದಿಸಿ. ಬೆರಳು ಅದ್ದಿದರೆ ಸುಡದಷ್ಟು ಆರಿದಾಗ ನಾಲ್ಕೈದು ಹಸಿಮೆಣಸಿನಕಾಯಿ ತೊಟ್ಟು ಹಾಕಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿಡಿ. ಬೆಳಿಗ್ಗೆಗೆ ಹೆಪ್ಪಾಗಿರುತ್ತದೆ. ಮೊದಲ ಸಲದ್ದು ತೆಳು, ಸ್ವಲ್ಪ ಶೇಂಗಾ ವಾಸನೆಯದು. ಅದನ್ನೇ ಹೆಪ್ಪಿಗೆ ಹಾಕಿದರೆ ಎರಡನೆಯದು ಗಟ್ಟಿಯಾಗುತ್ತದೆ. ಒಂದೆಲಗದ ತಂಬುಳಿಗೆ ಇದು ಸಾಕು. ನೆಲ್ಲಿಕಾಯಿ ತಂಬುಳಿಗೆ ಇದೂ ಬೇಡ, ಹುಳಿ ಅದರಲ್ಲೇ ಇದೆ. ಮಾವಿನಕಾಯಿಯ ಅಪ್ಪೆಹುಳಿಯಂತೂ ಮೊದಲಿಂದಲೂ ವೀಗನ್ನೇ.

ಆದರೆ ಈ ಮೊಸರಿನಲ್ಲಿ ಹಾಲಿನಷ್ಟು ಕ್ಯಾಲ್ಸಿಯಂ ಇಲ್ಲ. ತೆಂಗಿನ ಹಾಲಿನಲ್ಲಂತೂ ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಕಡಿಮೆ. ಘಟ್ಟದ ಮೇಲಿನವರು ಗಮನಿಸಬೇಕಾದ್ದು ಇಲ್ಲೇ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). 100 ಗ್ರಾಂ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ರಾಗಿಯಲ್ಲಿ 350ರ ಆಸುಪಾಸು. ಹಾಗಾಗಿ ದಿನಕ್ಕೊಮ್ಮೆ ರಾಗಿ ಅಂಬಲಿಯೋ ರೊಟ್ಟಿಯೋ, ಜೊತೆಗೆ ಸಿಪ್ಪೆ ತೆಗೆಯದ ಎಳ್ಳಿನ ಚಟ್ನಿ, ನುಗ್ಗೆಸೊಪ್ಪು. ಪಾಲಕ್‌ನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಅದನ್ನು ಚೆನ್ನಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಇನ್ನು ಕೊಟ್ಟಿಗೆಯಲ್ಲಿ ಹಸು ಇರುವ ಮನೆಯವರಿಗೆ ಹಾಲು ಬಿಡಿ ಅನ್ನುವುದು ಕಷ್ಟದ ಮಾತೇ. ಅಂಥವರು ತಿಂಡಿ, ಮಧ್ಯಾಹ್ನದ ಊಟ ಬದಲಿಸಿ, ರಾತ್ರಿಯ ಒಂದು ಲೋಟ ಮಜ್ಜಿಗೆ ಉಳಿಸಿಕೊಂಡರೆ ಏನೂ ಮುಳುಗಿಹೋಗುವುದಿಲ್ಲ.

ಕರಾವಳಿಗೆ ಮಳೆಗಾಲವೇ ಮುಹೂರ್ತ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಮೀನಿನ ದರ ಹೇಗೂ ಕೈಗೆ ನಿಲುಕುವುದಿಲ್ಲ. ಅದರ ಬೆನ್ನಿಗೇ ಶ್ರಾವಣ, ಎಷ್ಟೋ ಮನೆಗಳಲ್ಲಿ ಮೀನು ತರುವುದೇ ಇಲ್ಲ. ಮನೆಯವರ ಜೊತೆ ಜಗಳವಿಲ್ಲದೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ಕಾಲ ಬೇಕಾ? ಅಟ್ಟದ ಮೇಲಿನ ಒಣಮೀನಿನ ಡಬ್ಬವೊಂದು ಕಣ್ಣಿಗೆ ಬೀಳದಿದ್ದರೆ ಸರಿ.

ಮೀನೂಟದವರಿಗೆ ನೆನಪಾಗುವುದು ಮೀನಿಗಿಂತ ಅದರ ಮಸಾಲೆ ಎಂದು ನನಗನ್ನಿಸುತ್ತದೆ. ಅದೇ ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ ರುಬ್ಬಿ, ಪರಿಮಳಕ್ಕೆ ಜಜ್ಜಿದ ಜುಮ್ಮನಕಾಯಿ, ಹುಳಿಗೆ ಮುರುಗಲು (ಕೋಕಂ) ಸಿಪ್ಪೆ ಹಾಕಿ ಕುದಿಸಿ. ಬಂಗಡೆಯ ಬದಲು ಅಂಗಡಿಯ ಅಣಬೆ, ಎಳೆ ಹಲಸಿನಕಾಯಿ, ಇಲ್ಲವೇ ಬೇಯಿಸಿದ ಅಲಸಂದೆ. ಕಾಡಿನ ಅಣಬೆಯನ್ನು ಗುರುತು ಬಲ್ಲವರು ತಂದರೆ ಮಾತ್ರ ತಿನ್ನಿ. ಹಲಸಿನಕಾಯಿ ಬಾಯಿಗೆ ಸಮಾಧಾನ ಕೊಡುತ್ತದೆ ಅಷ್ಟೇ, ಅದರಲ್ಲಿ ಪ್ರೋಟೀನ್ ಕಡಿಮೆ. ಮೀನಿನ ಪ್ರೋಟೀನ್ ತುಂಬಲು ಹುರುಳಿ, ಹೆಸರು, ಅಲಸಂದೆ, ಸೋಯಾ ಬೇಕೇ ಬೇಕು. 100 ಗ್ರಾಂ ಒಣ ಹುರುಳಿಯಲ್ಲಿ 20 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇದೆ.

ಬಂಗಡೆ, ತಾರ್ಲೆ ಮೀನಿನಿಂದ ಸಿಗುತ್ತಿದ್ದ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಗಿಡದ ಆಹಾರದಲ್ಲಿ ಅದೇ ರೂಪದಲ್ಲಿ ಸಿಗುವುದಿಲ್ಲ. ಅಗಸೆಬೀಜದಲ್ಲಿರುವುದು ಬೇರೆ ರೂಪದ್ದು, ನಮ್ಮ ಮೈ ಅದರಲ್ಲಿ ಸ್ವಲ್ಪವನ್ನಷ್ಟೇ ಬದಲಿಸಿಕೊಳ್ಳುತ್ತದೆ. ಆದರೂ ದಿನಕ್ಕೆ ಒಂದು ಚಮಚ ಹುರಿದ ಅಗಸೆ ಪುಡಿ ಇರಲಿ. ಬೇಕೆನಿಸಿದರೆ ಪಾಚಿಯಿಂದ ತೆಗೆದ ಎಣ್ಣೆಯ ಕ್ಯಾಪ್ಸೂಲ್ ಬಗ್ಗೆ ವೈದ್ಯರನ್ನು ಕೇಳಿ.

ಉಪ್ಪಿನ ವಿಷಯ ಯಾರಿಗೂ ಹೊಳೆಯುವುದಿಲ್ಲ. ಮೀನು, ಹಾಲು ಎರಡರಲ್ಲೂ ಅಯೋಡಿನ್ ಇದೆ. ಎರಡನ್ನೂ ಬಿಟ್ಟು, ಗೋಕರ್ಣದ ಹತ್ತಿರದ ಸಾಣಿಕಟ್ಟೆಯ, ಅಯೋಡಿನ್ ಸೇರಿಸದ ಹರಳುಪ್ಪನ್ನೇ ಎಲ್ಲಕ್ಕೂ ಬಳಸಿದರೆ ಥೈರಾಯ್ಡ್‌ಗೆ ಬೇಕಾದ್ದು ಎಲ್ಲಿಂದ ಬರಬೇಕು? ಹರಳುಪ್ಪು ಮಿಡಿ ಉಪ್ಪಿನಕಾಯಿಗೆ ಇರಲಿ, ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪು ಹಾಕಿ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಮಾತ್ರೆಗೂ ಸೋಯಾಕ್ಕೂ ಕೆಲವು ಗಂಟೆ ಅಂತರ ಇಡಬೇಕು.

ಬಿ-12: ಚೌಕಾಸಿ ಇಲ್ಲ

ಬಿ-12 ಯಾವ ಸೊಪ್ಪು, ಕಾಳು, ಹಣ್ಣಿನಲ್ಲೂ ನೆಚ್ಚಿಕೊಳ್ಳುವಷ್ಟು ಇಲ್ಲ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯೂ ಇದಕ್ಕೆ ಆಗದು. ದಿನಕ್ಕೆ ಬೇಕಾದ್ದು ಎರಡು ಮೈಕ್ರೋಗ್ರಾಂ ಚಿಲ್ಲರೆ, ಅಷ್ಟೇ. ಲಿವರ್‌ನಲ್ಲಿ ದಾಸ್ತಾನು ಇರುವುದರಿಂದ ಕೊರತೆ ಕಾಣಲು ವರ್ಷಗಳೇ ಹಿಡಿಯಬಹುದು. ಅದಕ್ಕೇ ‘ನನಗೇನೂ ಆಗಿಲ್ಲ’ ಅನ್ನುವವರ ಮಾತನ್ನು ನಂಬಬೇಡಿ. ಕೈಕಾಲು ಜುಮುಗುಡುವುದು, ಸುಸ್ತು, ಮರೆವು ಶುರುವಾಗುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯೂ ಬಿ-12 ಹೀರುವುದನ್ನು ಕಡಿಮೆ ಮಾಡುತ್ತದೆ. ಪೂರ್ತಿ ವೀಗನ್ ಆದವರು ಮಾತ್ರೆ ತಗೊಳ್ಳಲೇಬೇಕು. ಎಷ್ಟು ಪ್ರಮಾಣ ಅನ್ನುವುದನ್ನು ರಿಪೋರ್ಟ್ ನೋಡಿ ವೈದ್ಯರು ಹೇಳಲಿ.

ಗಿಡದ್ದೆಲ್ಲ ಹಗುರವಲ್ಲ

ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಎರಡೂ ವೀಗನ್. ಹಾಗಂತ ಡಬ್ಬ ಖಾಲಿ ಮಾಡಬೇಕೆಂದಿಲ್ಲ. ಉಪ್ಪಾಗೆ ಹಣ್ಣಿನ ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪವೂ ಗಿಡದ್ದೇ. ಆದರೆ ಅದು, ತೆಂಗಿನೆಣ್ಣೆ ಎರಡೂ ಸ್ಯಾಚುರೇಟೆಡ್ ಕೊಬ್ಬು. ತುಪ್ಪ ಬಿಟ್ಟು ಎಲ್ಲದಕ್ಕೂ ಕಾಯಿಹಾಲು ಸುರಿದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವ ಬದಲು ಏರಬಹುದು. ಬೇಕರಿಯ ಬ್ರೆಡ್, ಬಿಸ್ಕತ್ತಿನಲ್ಲಿ ಹಾಲಿನ ಪುಡಿ ಇರುವುದುಂಟು, ಪ್ಯಾಕೆಟ್ ಹಿಂದೆ ಓದಿ. ಮದುವೆ ಊಟದಲ್ಲಿ ಕಾಯಿಹಾಲಿನ ಕಡಲೆಬೇಳೆ ಪಾಯಸಕ್ಕೂ ತುಪ್ಪದ ಒಗ್ಗರಣೆ ಬಿದ್ದಿರುತ್ತದೆ, ಅಲ್ವಾ? ಅಲ್ಲಿ ಬಾಣಸಿಗರ ಹತ್ತಿರ ವಾದಕ್ಕೆ ನಿಲ್ಲಬೇಡಿ. ಒಂದು ದಿನದ ಪಾಯಸದಿಂದ ರಿಪೋರ್ಟ್ ಕೆಡುವುದಿಲ್ಲ.

ಮೂರು ತಿಂಗಳಾದ ಮೇಲೆ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿಸಿ, ಹಳೆಯ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿ. ಸಕ್ಕರೆ, ಕೊಲೆಸ್ಟ್ರಾಲ್ ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ ಅನ್ನ, ಕಾಯಿ, ಕರಿದ ತಿಂಡಿಯ ಲೆಕ್ಕ ಹಾಕಿ. ಹಿಮೋಗ್ಲೋಬಿನ್ ಅಥವಾ ಬಿ-12 ಕೆಳಗೆ ಬಂದಿದ್ದರೆ ವೈದ್ಯರನ್ನು ಕಾಣುವವರೆಗೆ ಬೇರೇನನ್ನೂ ಬಿಡಬೇಡಿ.